ಬೆಳಕನ್ನು ಎಣಿಸಬಹುದೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯ ಸೌರಫಲಕಗಳ ಲೇಖನದಲ್ಲಿ ಬೆಳಕಿನ ಕಣಗಳ ಪ್ರಸ್ತಾಪ ಬಂದಿತ್ತು. ಅದನ್ನು ಓದಿದ ಹಲವರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಅವುಗಳಲ್ಲಿ ಕೆಲವನ್ನು ಆಯ್ದು, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಯಂಗ್‌ನ ಜೋಡಿ ಸೀಳು ಪ್ರಯೋಗವನ್ನು ಓದಿ ಬೆಳಕು ತರಂಗವೆಂದು ಒಪ್ಪಿಕೊಂಡೆವು. ಮುಂದಿನ ಅಧ್ಯಾಯದಲ್ಲೇ ದ್ಯುತಿವಿದ್ಯುತ್ ಪರಿಣಾಮದಿಂದ ಬೆಳಕು ಕಣಗಳೆಂದು ತಿಳಿಯುತ್ತದೆ ಎಂದಿದೆ. ಬೆಳಕು ಪ್ರಖರವಾದಷ್ಟೂ ಅದರಲ್ಲಿ ಶಕ್ತಿ ಹೆಚ್ಚಲ್ಲವೇ? ಹಾಗಿದ್ದರೆ ಪ್ರಖರವಾದ ಕೆಂಪು ಬೆಳಕಿನಿಂದ ಆಗದ ಕೆಲಸ ಮಂದವಾದ ನೇರಳೆ ಬೆಳಕಿನಿಂದ ಆಗುವುದು ಹೇಗೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಪ್ರಖರವಾದ ಬೆಳಕಿನಲ್ಲಿ ಒಟ್ಟು ಶಕ್ತಿ ಹೆಚ್ಚಿರುತ್ತದೆ ಎಂಬುದು ಸರಿ. ಆ ಶಕ್ತಿ ಎಷ್ಟೆಷ್ಟರ ಕಂತುಗಳಲ್ಲಿ ಕೈ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ದ್ಯುತಿವಿದ್ಯುತ್ ಪರಿಣಾಮದ ಗುಟ್ಟೆಲ್ಲ ಇರುವುದು ಆ ಎರಡನೆಯ ಪ್ರಶ್ನೆಯಲ್ಲಿ.

ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳೆಂಬ ಸೂಕ್ಷ್ಮ ಕಣಗಳು ಹೊರಬರುವುದಕ್ಕೆ ದ್ಯುತಿವಿದ್ಯುತ್ ಪರಿಣಾಮವೆಂದು ಹೆಸರು. ಅದು ಮೊದಲು ಕಣ್ಣಿಗೆ ಬಿದ್ದದ್ದು 1887ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ಮ್ಯಾಕ್ಸ್‌ವೆಲ್ ಹೇಳಿದ್ದ ವಿದ್ಯುತ್ಕಾಂತೀಯ ತರಂಗಗಳು ನಿಜಕ್ಕೂ ಇವೆಯೇ ಎಂದು ಹೈನ್‌ರಿಶ್ ಹರ್ಟ್ಸ್ ಪರೀಕ್ಷಿಸುತ್ತಿದ್ದಾಗ, ಒಂದು ಕಿಡಿಯ ನೇರಳಾತೀತ ಬೆಳಕು ಬಿದ್ದರೆ ಎದುರಿನ ಲೋಹದ ತುದಿಗಳ ನಡುವೆ ಕಿಡಿ ಹೆಚ್ಚು ಸುಲಭವಾಗಿ ಹಾರುವುದನ್ನು ಆತ ಗಮನಿಸಿದ. ನಡುವೆ ಗಾಜಿನ ಹಾಳೆ ಹಿಡಿದರೆ ಆ ಪರಿಣಾಮ ನಿಲ್ಲುತ್ತಿತ್ತು. ಬೆಳಕಿನ ತರಂಗ ಸ್ವರೂಪವನ್ನು ಅಂತಿಮವಾಗಿ ಸ್ಥಾಪಿಸಿದ ಪ್ರಯೋಗಮಾಲೆಯಲ್ಲೇ ಅದರ ಕಣ ಸ್ವರೂಪದ ಮೊದಲ ಸುಳಿವೂ ಸಿಕ್ಕಿತೆಂಬುದು ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಮುಂದೆ ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ, ಬೆಳಕು ಬಿದ್ದ ಲೋಹದಿಂದ ಹೊರಬರುತ್ತಿರುವುದು ಎಲೆಕ್ಟ್ರಾನುಗಳೇ ಎಂಬುದು ಸ್ಪಷ್ಟವಾಯಿತು. 1902ರಲ್ಲಿ ಫಿಲಿಪ್ ಲೆನಾರ್ಡ್ ಬೆಳಕಿನ ತೀವ್ರತೆಯನ್ನು ಸಾವಿರ ಪಟ್ಟು ಬದಲಿಸಿ ನೋಡಿದ. ಹೊರಬರುವ ಎಲೆಕ್ಟ್ರಾನುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಬದಲಾಯಿತೇ ಹೊರತು, ಅವುಗಳ ಗರಿಷ್ಠ ಶಕ್ತಿ ಕಿಂಚಿತ್ತೂ ಬದಲಾಗಲಿಲ್ಲ.

ತರಂಗದ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ. ತರಂಗವು ತನ್ನ ಶಕ್ತಿಯನ್ನು ಲೋಹದ ಮೇಲ್ಮೈಯಲ್ಲೆಲ್ಲ ಹರಡಿ ಸುರಿಯುತ್ತದೆ. ಅದು ಬಲವಾದಷ್ಟೂ ಎಲೆಕ್ಟ್ರಾನನ್ನು ಹೆಚ್ಚು ಜೋರಾಗಿ ಅಲುಗಾಡಿಸಬೇಕು. ಕೆಂಪು ಬೆಳಕಾದರೂ ಸಾಕಷ್ಟು ಹೊತ್ತು ಬಿದ್ದರೆ ಎಲೆಕ್ಟ್ರಾನು ಶಕ್ತಿಯನ್ನು ಕೂಡಿಟ್ಟುಕೊಂಡು ಹೊರಬರಬೇಕು, ಮಂದ ಬೆಳಕಿನಲ್ಲಿ ಹೀಗೆ ಕೂಡಿಡಲು ಬಹಳ ಸಮಯ ಹಿಡಿಯಬೇಕು. ನಡೆಯುವುದೇ ಬೇರೆ. ಬೆಳಕಿನ ತರಂಗ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು ಅದರ ಆವೃತ್ತಿ; ಕೆಂಪಿಗೆ ಅದು ಕಡಿಮೆ, ನೇರಳೆಗೆ ಹೆಚ್ಚು. ಪ್ರತಿಯೊಂದು ಲೋಹಕ್ಕೂ ಒಂದು ಹೊಸ್ತಿಲು ಆವೃತ್ತಿ ಇದೆ. ಅದಕ್ಕಿಂತ ಕಡಿಮೆ ಆವೃತ್ತಿಯ ಬೆಳಕನ್ನು ಎಷ್ಟು ಹೊತ್ತು ಬಿಟ್ಟರೂ ಎಲೆಕ್ಟ್ರಾನು ಹೊರಬರುವುದಿಲ್ಲ, ಹೆಚ್ಚಿನದಾದರೆ ಎಷ್ಟೇ ಮಂದವಾಗಿದ್ದರೂ ತಕ್ಷಣವೇ ಬರುತ್ತದೆ.

1905ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸಕ್ಕಿದ್ದ 26 ವರ್ಷದ ಐನ್‌ಸ್ಟೈನ್ ಇದಕ್ಕೊಂದು ದಿಟ್ಟ ಉತ್ತರ ಕೊಟ್ಟರು. ಬಿಸಿಯಾದ ವಸ್ತುವಿನ ಬೆಳಕನ್ನು ವಿವರಿಸಲು 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶಕ್ತಿಯ ಕೊಡು-ಕೊಳ್ಳುವಿಕೆ ಕಂತುಗಳಲ್ಲಿ ನಡೆಯುತ್ತದೆಂದು ಊಹಿಸಿದ್ದರೂ, ಬೆಳಕೇ ಕಂತುಗಳಾಗಿದೆ ಎಂದು ಹೇಳಲು ಮುಂದಾಗಿರಲಿಲ್ಲ. ಐನ್‌ಸ್ಟೈನ್ ಆ ಹೆಜ್ಜೆಯನ್ನಿಟ್ಟರು. ಬೆಳಕಿನ ಒಂದು ಕಂತಿನ ಶಕ್ತಿಯೆಂದರೆ ಅದರ ಆವೃತ್ತಿಯನ್ನು ಪ್ಲಾಂಕ್ ನಿಯತಾಂಕವೆಂಬ ಬದಲಾಗದ ಸಂಖ್ಯೆಯಿಂದ ಗುಣಿಸಿದಷ್ಟು; ಒಂದು ಎಲೆಕ್ಟ್ರಾನು ಒಂದು ಕಂತನ್ನು ಇಡಿಯಾಗಿ ನುಂಗುತ್ತದೆ; ಅದರಲ್ಲಿ ಲೋಹದಿಂದ ಬಿಡಿಸಿಕೊಳ್ಳಲು ಬೇಕಾದಷ್ಟನ್ನು ಕಳೆದು ಉಳಿದದ್ದು ಅದರ ಚಲನಶಕ್ತಿಯಾಗುತ್ತದೆ. ಇಂದು ಈ ಕಂತನ್ನು ಫೋಟಾನ್ ಎನ್ನುತ್ತೇವೆ.

ಅಂಕಿಗಳನ್ನಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಸತುವಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಬೇಕು. ಆವೃತ್ತಿ ಹೆಚ್ಚಾದಷ್ಟೂ ತರಂಗದೂರ, ಅಂದರೆ ತರಂಗದ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಕಡಿಮೆ. 700 ನ್ಯಾನೋಮೀಟರ್ ತರಂಗದೂರದ ಕೆಂಪು ಫೋಟಾನಿನಲ್ಲಿರುವುದು ಸುಮಾರು 1.8, 400 ನ್ಯಾನೋಮೀಟರಿನ ನೇರಳೆ ಫೋಟಾನಿನಲ್ಲಿ 3.1. ಆದ್ದರಿಂದ ಕಣ್ಣಿಗೆ ಕಾಣುವ ಯಾವ ಬಣ್ಣದಿಂದಲೂ ಸತುವಿನಲ್ಲಿ ಈ ಪರಿಣಾಮ ಕಾಣದು. 250 ನ್ಯಾನೋಮೀಟರಿನ ನೇರಳಾತೀತ ಫೋಟಾನಿನಲ್ಲಿ ಸುಮಾರು 5 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ ಅದು ಸಾಕಾಗುತ್ತದೆ. ಸೀಸಿಯಂ ಲೋಹಕ್ಕೆ ಸುಮಾರು 2.1 ಸಾಕು, ಹೀಗಾಗಿ ಅಲ್ಲಿ ಹಸಿರು ಬೆಳಕೂ ಕೆಲಸ ಮಾಡುತ್ತದೆ. ಮಾವಿನ ಮರಕ್ಕೆ ಬೊಗಸೆ ಬೊಗಸೆ ಮರಳನ್ನು ದಿನವಿಡೀ ಎರಚಿದರೂ ಕಾಯಿ ಬೀಳುವುದಿಲ್ಲ, ಒಂದೇ ಒಂದು ಕಲ್ಲು ತಗುಲಿದರೆ ಬೀಳುತ್ತದೆ. ಎರಚಿದ ಮರಳಿನ ಒಟ್ಟು ತೂಕ ಕಲ್ಲಿನ ನೂರು ಪಟ್ಟಿದ್ದರೂ ತೊಟ್ಟಿಗೆ ಬೇಕಾದ ಪೆಟ್ಟು ಅದರ ಯಾವ ಕಾಳಿನಲ್ಲೂ ಇರುವುದಿಲ್ಲ. ಬೆಳಕಿನ ಪ್ರಖರತೆಯನ್ನು ಹೆಚ್ಚಿಸುವುದೆಂದರೆ ಫೋಟಾನುಗಳ ಸಂಖ್ಯೆಯನ್ನು ಹೆಚ್ಚಿಸುವುದು. ಆವೃತ್ತಿಯನ್ನು ಹೆಚ್ಚಿಸುವುದೆಂದರೆ ಒಂದೊಂದರ ಪೆಟ್ಟನ್ನು ಹೆಚ್ಚಿಸುವುದು.

1905ರಲ್ಲೇ ಎಲ್ಲರೂ ಇದನ್ನು ಒಪ್ಪಿಕೊಂಡರೆಂಬ ಭಾವನೆಯನ್ನು ಪಠ್ಯಪುಸ್ತಕಗಳು ಮೂಡಿಸುತ್ತವೆ, ಅದು ಸರಿಯಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ ಐನ್‌ಸ್ಟೈನರ ಸಮೀಕರಣವನ್ನು ಪರೀಕ್ಷಿಸಲು ಸುಮಾರು ಹತ್ತು ವರ್ಷ ಶ್ರಮಿಸಿದರು. ಗಾಳಿ ತಾಗಿದರೆ ಕ್ಷಾರ ಲೋಹಗಳ ಮೇಲ್ಮೈ ಕ್ಷಣದಲ್ಲಿ ಕೆಡುವುದರಿಂದ, ನಿರ್ವಾತ ಕೊಳವೆಯೊಳಗೇ ಲೋಹದ ಮೇಲ್ಮೈಯನ್ನು ಚಾಕುವಿನಿಂದ ಹೆರೆಯುವ ವ್ಯವಸ್ಥೆ ಮಾಡಿಕೊಂಡು, 1916ರ ವೇಳೆಗೆ ಸಮೀಕರಣ ಅಕ್ಷರಶಃ ಸರಿ ಎಂದು ತೋರಿಸಿದರು. ಅವರು ಪಡೆದ ಪ್ಲಾಂಕ್ ನಿಯತಾಂಕದ ಬೆಲೆ ಇಂದಿನ ಬೆಲೆಗಿಂತ ಶೇಕಡಾ 1ಕ್ಕಿಂತ ಕಡಿಮೆ ವ್ಯತ್ಯಾಸದ್ದು. ಆದರೂ ಸಮೀಕರಣದ ಹಿಂದಿದ್ದ ಬೆಳಕಿನ ಕಂತಿನ ಕಲ್ಪನೆಯನ್ನು ಮಾತ್ರ ಅವರು ಆಗ ಒಪ್ಪಲಿಲ್ಲ. 1921ರ ನೊಬೆಲ್ ಪ್ರಶಸ್ತಿಯನ್ನು ಐನ್‌ಸ್ಟೈನರಿಗೆ ನೀಡಿದಾಗ ಸಮಿತಿಯೂ ವಿಶೇಷವಾಗಿ ಹೆಸರಿಸಿದ್ದು ದ್ಯುತಿವಿದ್ಯುತ್ ಪರಿಣಾಮದ ನಿಯಮವನ್ನೇ ಹೊರತು ಬೆಳಕಿನ ಕಂತನ್ನಲ್ಲ. ಪರಮಾಣುಗಳನ್ನು ಮಾತ್ರ ಕ್ವಾಂಟಮ್ ನಿಯಮಕ್ಕೆ, ಅಂದರೆ ಕಂತುಗಳ ಲೆಕ್ಕಕ್ಕೆ, ಒಳಪಡಿಸಿ, ಬೆಳಕನ್ನು ತರಂಗವಾಗಿಯೇ ಉಳಿಸಿಕೊಂಡು ಈ ಪರಿಣಾಮದ ಬಹುಭಾಗವನ್ನು ವಿವರಿಸಬಹುದೆಂದು ಭೌತವಿಜ್ಞಾನಿಗಳಾದ ಲ್ಯಾಂಬ್ ಮತ್ತು ಸ್ಕಲ್ಲಿ 1969ರಲ್ಲಿ ತೋರಿಸಿದರು. ಆದ್ದರಿಂದ ಈ ಒಂದು ಪರಿಣಾಮದಿಂದಲೇ ಕಣ ಸ್ವರೂಪ ಸಂಪೂರ್ಣವಾಗಿ ಸಿದ್ಧವಾಯಿತೆಂದು ನಿಮಗೆ ಅನಿಸದಿದ್ದರೆ ನಿಮ್ಮ ಸಂದೇಹಕ್ಕೆ ಆಧಾರವಿದೆ. ನಿರ್ಣಾಯಕ ಪುರಾವೆ ಯಾವುದು ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಬೆಳಕು ಕಣವಾದರೆ ಒಂದು ಕಣದ ಗಾತ್ರವೆಷ್ಟು? ಎರಡು ಸೀಳುಗಳಿರುವಾಗ ಒಂದು ಕಣ ಯಾವುದರ ಮೂಲಕ ಹಾಯುತ್ತದೆ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಫೋಟಾನಿಗೆ ಅಂಚು, ಮೇಲ್ಮೈ, ವ್ಯಾಸ ಎಂಬುವಿಲ್ಲ. ಅದನ್ನು ಕಣವೆನ್ನುವುದು ಇನ್ನೊಂದು ಅರ್ಥದಲ್ಲಿ: ಬೆಳಕನ್ನು ಎಲ್ಲಿ ಪತ್ತೆ ಹಚ್ಚಿದರೂ ಅದು ಒಂದು, ಎರಡು, ಮೂರು ಎಂದು ಇಡಿ ಸಂಖ್ಯೆಯಲ್ಲೇ ಸಿಗುತ್ತದೆ, ಅರ್ಧ ಫೋಟಾನು ಯಾರಿಗೂ ಸಿಕ್ಕಿಲ್ಲ. ಆ ಇಡಿತನವೇ ಕಣ ಸ್ವರೂಪ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನಿಂದ ಬೆಳಕಾಗಿ ಹೊರಬರುವುದು ಸುಮಾರು 3 ವ್ಯಾಟ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 80 ಸಾವಿರ ಕೋಟಿ ಕೋಟಿ ಫೋಟಾನುಗಳು ಹೊರಡುತ್ತವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೊಂದರ ಬಿಡಿತನ ಕಾಣದೆ ಬೆಳಕು ಎಡೆಬಿಡದ ಹರಿವಿನಂತೆ ತೋರುತ್ತದೆ. ಕತ್ತಲೆಗೆ ಚೆನ್ನಾಗಿ ಹೊಂದಿಕೊಂಡ ಮನುಷ್ಯನ ಕಣ್ಣು ಮಾತ್ರ ಈ ಬಿಡಿತನದ ಹತ್ತಿರಕ್ಕೆ ಹೋಗಬಲ್ಲದು. 1942ರಲ್ಲಿ ಹೆಕ್ಟ್, ಶ್ಲೇರ್ ಮತ್ತು ಪಿರೆನ್ ನಡೆಸಿದ ಪ್ರಯೋಗದ ಪ್ರಕಾರ, ಅಕ್ಷಿಪಟದ ಕೋಶಗಳು 5ರಿಂದ 14 ಫೋಟಾನುಗಳನ್ನು ಹೀರಿಕೊಂಡರೆ ಸಾಕು, ಮಿಂಚೊಂದು ಕಂಡ ಅನುಭವವಾಗುತ್ತದೆ.

ಈಗ ಸೀಳುಗಳ ವಿಷಯ. ಯಂಗ್‌ನ ಪ್ರಯೋಗದಲ್ಲಿ ಒತ್ತೊತ್ತಾದ ಎರಡು ಸೀಳುಗಳಿಂದ ಹಾಯ್ದ ಬೆಳಕು ಪರದೆಯ ಮೇಲೆ ಬೆಳಕು-ಕತ್ತಲೆಯ ಪಟ್ಟೆಗಳನ್ನು ಮೂಡಿಸುತ್ತದೆ. ಎರಡು ತರಂಗಗಳು ಸೇರಿ ಹೀಗೆ ಪಟ್ಟೆ ಮೂಡುವುದನ್ನು ವ್ಯತಿಕರಣ ಎನ್ನುತ್ತಾರೆ. 1909ರಲ್ಲಿ ಕೇಂಬ್ರಿಡ್ಜಿನಲ್ಲಿ ಜಿ.ಐ. ಟೇಲರ್ ಎಂಬ ತರುಣ, ಅನಿಲದ ಸಣ್ಣ ಉರಿಯ ಬೆಳಕನ್ನು ಮಸಿ ಹಿಡಿದ ಗಾಜುಗಳ ಮೂಲಕ ಹಾಯಿಸಿ ಅತ್ಯಂತ ಮಂದಗೊಳಿಸಿ, ಸೂಜಿಯೊಂದರ ನೆರಳನ್ನು ಛಾಯಾಚಿತ್ರ ಫಲಕದ ಮೇಲೆ ಹಿಡಿದ. ಅತಿ ಮಂದ ಬೆಳಕಿನ ಚಿತ್ರಕ್ಕೆ ಸುಮಾರು ಮೂರು ತಿಂಗಳು ಬೇಕಾಯಿತು. ಸೂಜಿಯ ಅಂಚಿನ ಪಟ್ಟೆಗಳು ಪ್ರಖರ ಬೆಳಕಿನಲ್ಲಿ ಎಷ್ಟು ಸ್ಪಷ್ಟವಾಗಿ ಮೂಡುತ್ತಿದ್ದವೋ ಅಷ್ಟೇ ಸ್ಪಷ್ಟವಾಗಿ ಆಗಲೂ ಮೂಡಿದವು. ಇದನ್ನು ಒಂಟಿ ಫೋಟಾನಿನ ಪ್ರಯೋಗವೆಂದು ಅನೇಕರು ಹೇಳುವುದುಂಟು, ಆದರೆ ದೀಪವನ್ನು ಮಂದಗೊಳಿಸಿದ ಮಾತ್ರಕ್ಕೆ ಫೋಟಾನುಗಳು ಒಂದೊಂದಾಗಿ ಬರುತ್ತವೆಂಬ ಖಾತ್ರಿಯಿಲ್ಲ, ಸರಾಸರಿ ಕಡಿಮೆಯಾಗುತ್ತದೆ ಅಷ್ಟೆ.

ಆ ಖಾತ್ರಿಯಿದ್ದ ಪ್ರಯೋಗ ನಡೆದದ್ದು 1986ರಲ್ಲಿ, ಫ್ರಾನ್ಸಿನ ಓರ್ಸೆಯಲ್ಲಿ. ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಕ್ಯಾಲ್ಸಿಯಂ ಪರಮಾಣುಗಳನ್ನು ಬಳಸಿದರು. ಉದ್ರೇಕಗೊಂಡ ಪರಮಾಣು ಒಂದರ ಹಿಂದೊಂದು ಎರಡು ಫೋಟಾನುಗಳನ್ನು ಹೊರಬಿಡುತ್ತದೆ, ಮೊದಲನೆಯದನ್ನು ಪತ್ತೆ ಹಚ್ಚಿದರೆ ಎರಡನೆಯದು ಬರುತ್ತಿದೆ ಎಂದು ಗೊತ್ತಾಗುತ್ತದೆ. ಆ ಎರಡನೆಯದನ್ನು ಅರೆಬೆಳ್ಳಿ ಲೇಪದ ಕನ್ನಡಿಯತ್ತ ಬಿಟ್ಟು, ಹಾಯ್ದ ದಾರಿಯಲ್ಲೊಂದು ಪ್ರತಿಫಲಿಸಿದ ದಾರಿಯಲ್ಲೊಂದು ಶೋಧಕವನ್ನಿಟ್ಟರು. ಬೆಳಕು ಕೇವಲ ತರಂಗವಾಗಿದ್ದರೆ ಕನ್ನಡಿಯಲ್ಲಿ ಇಬ್ಭಾಗವಾಗಿ, ಎರಡೂ ಶೋಧಕಗಳು ಕೆಲವೊಮ್ಮೆ ಒಟ್ಟಿಗೆ ಸ್ಪಂದಿಸಬೇಕಿತ್ತು. ತರಂಗದ ಲೆಕ್ಕ ಹೇಳುವ ಕನಿಷ್ಠ ಮಿತಿಗಿಂತಲೂ ಎಷ್ಟೋ ಅಪರೂಪವಾಗಿ ಹಾಗಾಯಿತು. ಅಂದರೆ ಫೋಟಾನು ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಸಿಗುವುದಿಲ್ಲ. ಬಳಿಕ ಅದೇ ಬೆಳಕಿನ ಎರಡು ದಾರಿಗಳನ್ನು ಮತ್ತೆ ಒಂದುಗೂಡಿಸಿದಾಗ ಶೇಕಡಾ 98ರಷ್ಟು ಸ್ಪಷ್ಟತೆಯ ವ್ಯತಿಕರಣ ಪಟ್ಟೆಗಳು ಬಂದವು. ಒಡೆಯದ ಒಂದೇ ಫೋಟಾನು ಎರಡೂ ದಾರಿಗಳ ಲೆಕ್ಕವನ್ನು ಹೊತ್ತು ತಂದಿತ್ತು. ಬೆಳಕಿನ ಕಣ ಸ್ವರೂಪಕ್ಕೆ ಪುರಾವೆ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗವನ್ನೇ.

ಹಾಗಾದರೆ ಯಾವ ಸೀಳಿನ ಮೂಲಕ? ದಾರಿಯ ಗುರುತು ಎಲ್ಲೂ ಉಳಿಯದಂತೆ ಪ್ರಯೋಗವಿದ್ದರೆ ಆ ಪ್ರಶ್ನೆಗೆ ಕ್ವಾಂಟಮ್ ಸಿದ್ಧಾಂತದಲ್ಲಿ ಉತ್ತರವಿಲ್ಲ. ಎರಡೂ ದಾರಿಗಳಿಗೆ ಒಂದೊಂದು ಪಾರ (ಸಂಭವವನ್ನು ಲೆಕ್ಕ ಹಾಕಲು ಬಳಸುವ ಸಂಖ್ಯೆ) ಇರುತ್ತದೆ, ಅವೆರಡನ್ನೂ ಕೂಡಿಸಿ ವರ್ಗ ಮಾಡಿದರೆ ಪರದೆಯ ಮೇಲೆ ಫೋಟಾನು ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದು ಬರುತ್ತದೆ. ದಾರಿಯ ಗುರುತು ಉಳಿಯುವಂತೆ ವ್ಯವಸ್ಥೆ ಮಾಡಿದರೆ ಉತ್ತರ ಸಿಗುತ್ತದೆ, ಆದರೆ ಪಟ್ಟೆಗಳು ಅಳಿಸಿಹೋಗುತ್ತವೆ. ಇದು ನಮ್ಮ ಉಪಕರಣಗಳ ಒರಟುತನದಿಂದ ಬಂದ ಮಿತಿಯಲ್ಲ.

ಪ್ರಶ್ನೆ: ನಮ್ಮ ಮನೆಯ ಹತ್ತಿರ ಮೊಬೈಲ್ ಗೋಪುರ ಬಂದಿದೆ. ಎಕ್ಸ್‌ರೇಯೂ ಮೊಬೈಲ್ ತರಂಗವೂ ಒಂದೇ ಜಾತಿಯ ವಿಕಿರಣ, ಎರಡರಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ನಿಜವೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಒಂದೇ ಜಾತಿಯವು ಎಂಬುದು ನಿಜ: ಎರಡೂ ವಿದ್ಯುತ್ಕಾಂತೀಯ ವಿಕಿರಣಗಳು, ಎರಡೂ ಬೆಳಕಿನ ವೇಗದಲ್ಲೇ ಸಾಗುತ್ತವೆ. ಆದರೆ ಒಂದೊಂದು ಫೋಟಾನಿನ ಶಕ್ತಿಯಲ್ಲಿ ಅವುಗಳ ನಡುವೆ ಕೋಟ್ಯಂತರ ಪಟ್ಟಿನ ಅಂತರವಿದೆ. ಆಸ್ಪತ್ರೆಯ ಎಕ್ಸ್‌ರೇ ಫೋಟಾನಿನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಜೀವಕೋಶದ ಅಣುಗಳಲ್ಲಿ ಇಂಗಾಲದ ಎರಡು ಪರಮಾಣುಗಳ ಬೆಸುಗೆಯನ್ನು ಕಡಿಯಲು ಬೇಕಾಗುವುದು ಸುಮಾರು 3.6. ಆದ್ದರಿಂದ ಒಂದೇ ಎಕ್ಸ್‌ರೇ ಫೋಟಾನು ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಡಿಎನ್‌ಎಯನ್ನು ಕೆಡಿಸಬಲ್ಲದು. ವೈದ್ಯರು ಅನಗತ್ಯವಾಗಿ ಎಕ್ಸ್‌ರೇ ತೆಗೆಸಬಾರದೆನ್ನುವುದು ಇದಕ್ಕಾಗಿಯೇ. 1800 ಮೆಗಾಹರ್ಟ್ಸ್ ಮೊಬೈಲ್ ತರಂಗದ ಒಂದು ಫೋಟಾನಿನಲ್ಲಿರುವುದು 0.0000074 ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಅಂದರೆ ಆ ಬೆಸುಗೆಗೆ ಬೇಕಾದುದರ ಸುಮಾರು 5 ಲಕ್ಷದಲ್ಲಿ ಒಂದು ಪಾಲು. ನಮ್ಮ ಮೈಯ ಬಿಸಿಯಿಂದಲೇ ಪ್ರತಿ ಅಣುವೂ ಸದಾ ಅನುಭವಿಸುವ ಅಲುಗಾಟದ ಶಕ್ತಿ ಇದರ ಮೂರು ಸಾವಿರ ಪಟ್ಟಿಗಿಂತ ಹೆಚ್ಚು.

ಅಷ್ಟೊಂದು ಫೋಟಾನುಗಳು ಒಟ್ಟಾಗಿ ಬಂದು ಬೆಸುಗೆಯನ್ನು ಕಡಿಯಲಾರವೇ ಎಂದು ನೀವು ಕೇಳಬಹುದು. ಲಕ್ಷಗಟ್ಟಲೆ ಫೋಟಾನುಗಳ ಶಕ್ತಿ ಒಂದೇ ಬೆಸುಗೆಯಲ್ಲಿ ಒಟ್ಟುಗೂಡುವ ಮೊದಲೇ ಅದು ಸುತ್ತಲಿನ ನೀರಿನ ಅಣುಗಳಿಗೆ ಹರಡಿ ಬಿಸಿಯಾಗಿಬಿಡುತ್ತದೆ. ಮೈಕ್ರೋವೇವ್ ಒಲೆ ಇದೇ ಬಗೆಯ, 2.45 ಗಿಗಾಹರ್ಟ್ಸ್ ಆವೃತ್ತಿಯ ವಿಕಿರಣದಿಂದ ಅಡುಗೆಯನ್ನು ಬೇಯಿಸುವುದೂ ಬಿಸಿಯಿಂದಲೇ. ಆದ್ದರಿಂದ ಮೊಬೈಲ್ ತರಂಗಗಳ ವಿಷಯದಲ್ಲಿ ನಿಯಂತ್ರಿಸಬೇಕಾದದ್ದು ಮೈ ಹೀರಿಕೊಳ್ಳುವ ಒಟ್ಟು ಶಕ್ತಿಯನ್ನು. ನಮ್ಮ ದೇಶದಲ್ಲಿ ಫೋನುಗಳಿಗೆ ಅದರ ಮಿತಿ ಒಂದು ಕಿಲೋಗ್ರಾಂ ಅಂಗಾಂಶಕ್ಕೆ 1.6 ವ್ಯಾಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಆವೃತ್ತಿಯ ವಿಕಿರಣವನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವು’ ಎಂಬ ಪಟ್ಟಿಗೆ ಸೇರಿಸಿತೆಂಬುದನ್ನೂ ಹೇಳಲೇಬೇಕು. ಫೋನನ್ನು ಬಹಳ ಹೆಚ್ಚು ಬಳಸಿದವರ ಕುರಿತ ಕೆಲವು ಸಮೀಕ್ಷೆಗಳ ಸೀಮಿತ ಸಾಕ್ಷ್ಯ ಅದಕ್ಕೆ ಆಧಾರ. ಕಿವಿಗೆ ಒತ್ತಿ ಹಿಡಿದ ಫೋನಿನಿಂದ ಬರುವುದಕ್ಕೆ ಹೋಲಿಸಿದರೆ ದೂರದ ಗೋಪುರದಿಂದ ನಮ್ಮ ಮೈಗೆ ತಲುಪುವುದು ಸಾಮಾನ್ಯವಾಗಿ ತೀರಾ ಕಡಿಮೆ. ಬೆಸುಗೆ ಕಡಿಯಬಲ್ಲ ಫೋಟಾನುಗಳು ದಿನವೂ ನಮ್ಮ ಮೈಮೇಲೆ ಬೀಳುವುದು ನಡುಹಗಲಿನ ಬಿಸಿಲಿನಿಂದ: 300 ನ್ಯಾನೋಮೀಟರಿನ ನೇರಳಾತೀತ ಫೋಟಾನಿನಲ್ಲಿ 4.1 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ.

ಪ್ರಶ್ನೆ: ಆಕಾಶವಾಣಿಯ ಪ್ರಸಾರವೂ ಫೋಟಾನುಗಳಾಗಿಯೇ ಬರುತ್ತದೆಯೇ? ಹಾಗಾದರೆ ರೇಡಿಯೋದಲ್ಲಿ ಅವು ಏಕೆ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ?
– ಆಕಾಶವಾಣಿಯ ಕೇಳುಗರು, ಕೋಲಾರ

ಉತ್ತರ: ಹೌದು, ಫೋಟಾನುಗಳಾಗಿಯೇ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ತರಂಗದಲ್ಲಿ ಪ್ರಸಾರವಾಗುವ ಪ್ರತಿ ಒಂದು ವ್ಯಾಟ್‌ಗೆ ಸೆಕೆಂಡಿಗೆ ಸುಮಾರು 25 ಲಕ್ಷ ಕೋಟಿ ಕೋಟಿ ಕೋಟಿ ಫೋಟಾನುಗಳು ಹೊರಡುತ್ತವೆ. ಒಂದೊಂದರ ಶಕ್ತಿ ಎಷ್ಟು ಕಡಿಮೆಯೆಂದರೆ, ಆಂಟೆನಾದ ಲೋಹದ ಸಾಮಾನ್ಯ ಬಿಸಿಯೇ ಅದನ್ನು ಮುಳುಗಿಸಿಬಿಡುತ್ತದೆ. ಇದಕ್ಕಿಂತ ಎಷ್ಟೋ ಹೆಚ್ಚಿನ ಆವೃತ್ತಿಯ ಮೈಕ್ರೋವೇವ್ ಫೋಟಾನುಗಳನ್ನು ಒಂದೊಂದಾಗಿ ಗುರುತಿಸುವುದು ಮಾತ್ರ ಸಾಧ್ಯವಾಗಿದೆ. ಪ್ಯಾರಿಸಿನ ಸೆರ್ಜ್ ಆರೋಶ್ ಅವರ ತಂಡ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಂಪಾಗಿಸಿದ ಕನ್ನಡಿಗಳ ನಡುವೆ ಅವನ್ನು ಹಿಡಿದಿಟ್ಟು, ನಾಶಪಡಿಸದೆಯೇ ಎಣಿಸಿತು. ಅವರಿಗೆ 2012ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಪ್ರಶ್ನೆ: ಪ್ರತಿ ವರ್ಷ ಫೆಬ್ರವರಿ 28ರಂದು ರಾಮನ್ ಪರಿಣಾಮದ ಬಗ್ಗೆ ಭಾಷಣ ಕೇಳುತ್ತೇವೆ. ಅದಕ್ಕೂ ಬೆಳಕಿನ ಕಣ ಸ್ವರೂಪಕ್ಕೂ ಸಂಬಂಧವಿದೆಯೇ? ಕಾಂಪ್ಟನ್ ಪರಿಣಾಮವೂ ರಾಮನ್ ಪರಿಣಾಮವೂ ಒಂದೆಯೇ?
– ಓದುಗರು, ಮೈಸೂರು

ಉತ್ತರ: ಸಂಬಂಧ ಆಳವಾದದ್ದು, ಆದರೆ ಎರಡೂ ಒಂದೇ ಅಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರ್ಥರ್ ಕಾಂಪ್ಟನ್ 0.071 ನ್ಯಾನೋಮೀಟರ್ ತರಂಗದೂರದ ಎಕ್ಸ್‌ರೇಗಳನ್ನು ಗ್ರಾಫೈಟಿನ ಮೇಲೆ ಬಿಟ್ಟಾಗ, ಚದುರಿದ ಕಿರಣಗಳಲ್ಲಿ ಒಂದಂಶದ ತರಂಗದೂರ ಹೆಚ್ಚಾಗಿತ್ತು. ಬಂದ ದಿಕ್ಕಿಗೆ ಲಂಬವಾದ ದಿಕ್ಕಿನಲ್ಲಿ ಆ ಹೆಚ್ಚಳ 0.0024 ನ್ಯಾನೋಮೀಟರ್. ತರಂಗವೊಂದು ಎಲೆಕ್ಟ್ರಾನನ್ನು ತನ್ನ ಆವೃತ್ತಿಯಲ್ಲೇ ಕಂಪಿಸುವಂತೆ ಮಾಡಿದರೆ ಹೊರಬರುವ ಬೆಳಕಿಗೂ ಅದೇ ಆವೃತ್ತಿ ಇರಬೇಕಿತ್ತು. ಫೋಟಾನಿಗೆ ಶಕ್ತಿಯ ಜೊತೆಗೆ ಸಂವೇಗವೂ (ಚಲನೆಯ ರಭಸ) ಇದೆ, ಅದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಎರಡರಲ್ಲೂ ಒಂದು ಪಾಲನ್ನು ಕೊಟ್ಟು ಮುಂದೆ ಸಾಗುತ್ತದೆ ಎಂದು ಲೆಕ್ಕ ಹಾಕಿದರೆ ಉತ್ತರ ತಾಳೆಯಾಗುತ್ತಿತ್ತು. 1923ರಲ್ಲಿ ಇದು ಪ್ರಕಟವಾದ ಮೇಲೆಯೇ ಹೆಚ್ಚಿನ ಭೌತವಿಜ್ಞಾನಿಗಳು ಬೆಳಕಿನ ಕಂತನ್ನು ಗಂಭೀರವಾಗಿ ಪರಿಗಣಿಸಿದ್ದು. ಆಗಲೂ ನೀಲ್ಸ್ ಬೋರ್ ಒಪ್ಪಲಿಲ್ಲ. ಶಕ್ತಿಯ ಸಂರಕ್ಷಣೆ ಒಂದೊಂದು ಡಿಕ್ಕಿಯಲ್ಲಿ ನಡೆಯದೆ ಸರಾಸರಿಯಲ್ಲಿ ಮಾತ್ರ ನಡೆಯುತ್ತದೆಂದು 1924ರಲ್ಲಿ ಕ್ರಾಮರ್ಸ್ ಮತ್ತು ಸ್ಲೇಟರ್ ಜೊತೆಗೂಡಿ ವಾದಿಸಿದರು. ಬರ್ಲಿನ್ನಿನಲ್ಲಿ ಬೋಥೆ ಮತ್ತು ಗೈಗರ್, ಚದುರಿದ ಫೋಟಾನೂ ಹಾರಿದ ಎಲೆಕ್ಟ್ರಾನೂ ಒಂದೇ ಗಳಿಗೆಯಲ್ಲಿ ಹೊರಡುತ್ತವೆಂದು 1925ರಲ್ಲಿ ತೋರಿಸಿದ ಮೇಲೆ ಆ ವಾದ ಬಿದ್ದುಹೋಯಿತು.

ಕಲ್ಕತ್ತೆಯ ಭಾರತೀಯ ವಿಜ್ಞಾನ ಅಭಿವೃದ್ಧಿ ಸಂಘದ ಪ್ರಯೋಗಾಲಯದಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್, ಕಣ್ಣಿಗೆ ಕಾಣುವ ಬೆಳಕಿನಲ್ಲೂ ಇಂಥದ್ದೇನಾದರೂ ಇರಬೇಕೆಂಬ ಎಣಿಕೆಯಿಂದ ಹುಡುಕಿ, 1928ರಲ್ಲಿ ಅದನ್ನು ಕಂಡರು. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್ಷ್ಟಾಮ್ ಸ್ಫಟಿಕಗಳಲ್ಲಿ ಇದನ್ನು ಸ್ವತಂತ್ರವಾಗಿ ಗುರುತಿಸಿದ್ದರು. ಪಾದರಸದ ದೀಪದ 435.8 ನ್ಯಾನೋಮೀಟರಿನ ನೀಲಿ ಬೆಳಕನ್ನು ಬೆಂಜೀನಿನ ಮೂಲಕ ಹಾಯಿಸಿದರೆ, ಚದುರಿದ ಬೆಳಕಿನ ಅತ್ಯಲ್ಪ ಭಾಗ ಸುಮಾರು 455.5 ನ್ಯಾನೋಮೀಟರಿನಲ್ಲಿ ಕಾಣುತ್ತದೆ. ಪ್ರತಿ ಫೋಟಾನೂ ಕಳೆದುಕೊಂಡದ್ದು ಸುಮಾರು 0.12 ಎಲೆಕ್ಟ್ರಾನ್ ವೋಲ್ಟ್. ಅದು ಬೆಂಜೀನಿನ ಉಂಗುರವೊಂದು ಕಂಪಿಸಲು ಬೇಕಾದ ಒಂದು ಕಂತಿಗೆ ಸರಿಯಾಗಿ ಸಮ. ಕಾಂಪ್ಟನ್ ಪರಿಣಾಮದಲ್ಲಿ ತರಂಗದೂರದ ಹೆಚ್ಚಳವು ಚದುರಿದ ಕೋನವನ್ನು ಮಾತ್ರ ಅವಲಂಬಿಸುತ್ತದೆ, ವಸ್ತು ಯಾವುದಾದರೂ ಒಂದೇ. ರಾಮನ್ ಪರಿಣಾಮದಲ್ಲಿ ಶಕ್ತಿಯ ವ್ಯತ್ಯಾಸವು ಅಣು ಯಾವುದೆಂಬುದನ್ನು ಅವಲಂಬಿಸುತ್ತದೆ, ಬೀಳುವ ಬೆಳಕಿನ ಬಣ್ಣವನ್ನಲ್ಲ. ಅದಕ್ಕೇ ಇಂದು ಔಷಧ ತಯಾರಿಕೆಯಿಂದ ರತ್ನಪರೀಕ್ಷೆಯವರೆಗೆ ವಸ್ತುವಿನ ಗುರುತು ಹಿಡಿಯಲು ರಾಮನ್ ರೋಹಿತ, ಅಂದರೆ ಹೀಗೆ ಚದುರಿದ ಬೆಳಕಿನ ಬಣ್ಣಗಳ ಪಟ್ಟಿ, ಬಳಕೆಯಾಗುತ್ತಿದೆ.

ಕಣ ಸ್ವರೂಪದ ಕಥೆಯಲ್ಲಿ ಭಾರತದ ಪಾಲು ಅಷ್ಟಕ್ಕೇ ಮುಗಿಯುವುದಿಲ್ಲ. ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ 1924ರಲ್ಲಿ, ಬೆಳಕನ್ನು ಪರಸ್ಪರ ಗುರುತಿಸಲಾಗದ ಕಂತುಗಳ ಗುಂಪೆಂದು ಭಾವಿಸಿ, ತರಂಗದ ಲೆಕ್ಕದ ನೆರವಿಲ್ಲದೆಯೇ ಬಿಸಿಯಾದ ವಸ್ತುವಿನ ಬೆಳಕಿನ ಕುರಿತ ಪ್ಲಾಂಕರ ನಿಯಮವನ್ನು ಪಡೆದರು. ಅದನ್ನು ಐನ್‌ಸ್ಟೈನರೇ ಜರ್ಮನ್ ಭಾಷೆಗೆ ತಂದು ಪ್ರಕಟಿಸಿದರು. 1931ರಲ್ಲಿ ರಾಮನ್ ಮತ್ತು ಎಸ್. ಭಗವಂತಂ ಚದುರಿದ ಬೆಳಕಿನ ಧ್ರುವೀಕರಣವನ್ನು (ಅದರ ಕಂಪನದ ದಿಕ್ಕನ್ನು) ಅಳೆದು, ಫೋಟಾನಿಗೆ ತನ್ನದೇ ಆದ ಗಿರಕಿ (ಸ್ಪಿನ್) ಇದೆ ಎಂಬುದಕ್ಕೆ ಪ್ರಾಯೋಗಿಕ ಸಾಕ್ಷ್ಯ ಒದಗಿಸಿದರು. ಈ ಕೆಲಸಕ್ಕೆ ನಮ್ಮ ಭಾಷಣಗಳಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. 1948ರಲ್ಲಿ ಅವರು ಅಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಇಂದು ಒಂಟಿ ಫೋಟಾನುಗಳ ಮೂಲಕ ಗುಪ್ತ ಸಂದೇಶ ಕಳಿಸುವ ತಂತ್ರದ ಸಂಶೋಧನೆ ನಡೆಯುತ್ತಿದೆ. ಫೋಟಾನನ್ನು ಅರ್ಧ ಕದ್ದು ಅರ್ಧ ಬಿಡಲಾಗದು ಎಂಬುದೂ ಆ ತಂತ್ರದ ಬುನಾದಿಗಳಲ್ಲೊಂದು.

ಪ್ರಶ್ನೆ: ದ್ರವ್ಯರಾಶಿಯೇ ಇಲ್ಲದ ಫೋಟಾನು ವಸ್ತುವನ್ನು ತಳ್ಳುವುದು ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಂವೇಗವೆಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ ಎಂಬ ಸೂತ್ರ ನಿಧಾನವಾಗಿ ಚಲಿಸುವ ವಸ್ತುಗಳಿಗೆ ಮಾತ್ರ ಸಾಕು. ಬೆಳಕಿನ ಸಂವೇಗವು ಅದರ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ಭೂಮಿಯ ದೂರದಲ್ಲಿ, ವಾತಾವರಣದ ಆಚೆ, ಒಂದು ಎಕರೆ ವಿಸ್ತಾರದ ಕನ್ನಡಿಯನ್ನು ಸೂರ್ಯನಿಗೆ ನೇರವಾಗಿ ಹಿಡಿದರೆ ಬೆಳಕು ಅದನ್ನು ತಳ್ಳುವ ಬಲ ಸುಮಾರು 4 ಗ್ರಾಂ ತೂಕದಷ್ಟು. ಜಪಾನಿನ ಇಕಾರಸ್ ನೌಕೆ 2010ರಲ್ಲಿ ತೆಳುವಾದ ಹಾಯಿಯನ್ನು ಬಿಚ್ಚಿ ಈ ಬಲದಿಂದಲೇ ವೇಗ ಪಡೆದು ತೋರಿಸಿತು. ಆದರೆ ಬೆಳಕಿನ ಒತ್ತಡವನ್ನು ಮ್ಯಾಕ್ಸ್‌ವೆಲ್ಲರ ತರಂಗ ಸಿದ್ಧಾಂತವೂ ಇದೇ ಪ್ರಮಾಣದಲ್ಲಿ ಹೇಳುತ್ತದೆ, ಆದ್ದರಿಂದ ಒತ್ತಡವೊಂದನ್ನೇ ಕಣ ಸ್ವರೂಪಕ್ಕೆ ಸಾಕ್ಷಿಯೆಂದು ಪರೀಕ್ಷೆಯಲ್ಲಿ ಬರೆಯಬೇಡಿ.

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಹೆಚ್ಚು ಖರ್ಚಿಲ್ಲದೆ ಮಕ್ಕಳಿಗೆ ಇದನ್ನು ತೋರಿಸಬಹುದೇ?
– ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ತೋರಿಸಬಹುದು. ಸತುವಿನ ಹಾಳೆ ಮತ್ತು ವಿದ್ಯುದ್ದರ್ಶಕದ ಪ್ರಯೋಗಕ್ಕೆ ಮಾತ್ರ ಕೈ ಹಾಕಬೇಡಿ. ಅದಕ್ಕೆ ಬೇಕಾದ ನೇರಳಾತೀತ ದೀಪ ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿ.

ಮೊದಲ ಪ್ರಯೋಗಕ್ಕೆ ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕ್ಕರು, ಒಂದು ಕೆಂಪು ಎಲ್‌ಇಡಿ ಮತ್ತು ಒಂದು ನೀಲಿ ಎಲ್‌ಇಡಿ ಸಾಕು. ಸ್ಟಿಕ್ಕರನ್ನು ಕತ್ತಲಲ್ಲಿಟ್ಟು ಅದರ ಹೊಳಪು ಪೂರ್ತಿ ಆರಿದ ಮೇಲೆ, ಒಂದು ಕಡೆ ಕೆಂಪು ಬೆಳಕನ್ನು ಹತ್ತಿರದಿಂದ ಹಲವು ನಿಮಿಷ ಬಿಡಿ, ಇನ್ನೊಂದು ಕಡೆ ನೀಲಿ ಬೆಳಕನ್ನು ಕೆಲವೇ ಸೆಕೆಂಡು ಬಿಡಿ. ನೀಲಿ ಬಿದ್ದ ಕಡೆ ಮಾತ್ರ ಹೊಳೆಯುತ್ತದೆ. ಪ್ರಖರತೆಯಿಂದ ಆಗದ್ದು ಬಣ್ಣದಿಂದ ಆಗುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಬಿಳಿ ಎಲ್‌ಇಡಿಯ ಮುಂದೆ ಕೆಂಪು ಕಾಗದ ಹಿಡಿದು ಮಾಡಬೇಡಿ. ಬಿಳಿ ಎಲ್‌ಇಡಿಯೊಳಗೆ ಇರುವುದೇ ನೀಲಿ ಬೆಳಕಿನ ಹರಳು, ಕಾಗದದಿಂದ ಸೋರುವ ಸ್ವಲ್ಪ ನೀಲಿಯೇ ಫಲಿತಾಂಶವನ್ನು ಕೆಡಿಸುತ್ತದೆ.

ಎರಡನೆಯದರಲ್ಲಿ ಪ್ಲಾಂಕ್ ನಿಯತಾಂಕವನ್ನೇ ಅಳೆಯಬಹುದು. ಕೆಂಪು, ಹಳದಿ, ನೀಲಿ ಬಣ್ಣದ, ಪಾರದರ್ಶಕ ಹೊದಿಕೆಯ ಎಲ್‌ಇಡಿಗಳನ್ನೂ ಅವುಗಳ ತರಂಗದೂರವನ್ನೂ ಅಂಗಡಿಯಿಂದಲೇ ಕೇಳಿ ಪಡೆಯಿರಿ. 9 ವೋಲ್ಟ್ ಬ್ಯಾಟರಿಗೆ ಪೊಟೆನ್ಶಿಯೋಮೀಟರನ್ನೂ 330 ಓಮ್ ರೋಧಕವನ್ನೂ ಜೋಡಿಸಿ, ಕೋಣೆಯನ್ನು ಕತ್ತಲೆ ಮಾಡಿ, ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ, ಎಲ್‌ಇಡಿ ಆಗತಾನೆ ಮಿನುಗಲು ತೊಡಗಿದಾಗ ಅದರ ಎರಡು ಕಾಲುಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಬರೆದುಕೊಳ್ಳಿ. ಒಂದು ಎಲೆಕ್ಟ್ರಾನು ಒಂದು ಫೋಟಾನನ್ನು ಹುಟ್ಟಿಸುವುದರಿಂದ, ಆವೃತ್ತಿ ಹೆಚ್ಚಾದಷ್ಟೂ ಬೇಕಾಗುವ ವೋಲ್ಟೇಜು ಹೆಚ್ಚು. 630 ನ್ಯಾನೋಮೀಟರಿನ ಕೆಂಪು ಫೋಟಾನಿಗೆ ಲೆಕ್ಕದ ಪ್ರಕಾರ 1.97 ವೋಲ್ಟ್, 470ರ ನೀಲಿಗೆ 2.64 ವೋಲ್ಟ್. ನೀವು ಓದುವ ಅಂಕಿಗಳು ಇವಕ್ಕಿಂತ ಸ್ವಲ್ಪ ಕಡಿಮೆ ಬರುತ್ತವೆ, ಏಕೆಂದರೆ ಹರಳಿನ ಬಿಸಿಯಿಂದ ಕೆಲವು ಎಲೆಕ್ಟ್ರಾನುಗಳಿಗೆ ಒಂದಿಷ್ಟು ಹೆಚ್ಚುವರಿ ಶಕ್ತಿ ಸಿಕ್ಕಿರುತ್ತದೆ. ಎಲ್ಲ ಬಣ್ಣಗಳಲ್ಲೂ ಕೊರತೆ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಒಂದೊಂದು ಎಲ್‌ಇಡಿಯಿಂದ ಬೇರೆ ಬೇರೆ ಲೆಕ್ಕ ಮಾಡದೆ, ಆವೃತ್ತಿಯನ್ನು ಅಡ್ಡಕ್ಕೂ ವೋಲ್ಟೇಜನ್ನು ಉದ್ದಕ್ಕೂ ಇಟ್ಟು ನಕ್ಷೆ ಎಳೆದು ರೇಖೆಯ ಇಳಿಜಾರನ್ನು ತೆಗೆದುಕೊಳ್ಳಿ. ಅದನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ, ಅಂದರೆ 1.6ನ್ನು 10ರ ಮೈನಸ್ 19ನೇ ಘಾತದಿಂದ ಗುಣಿಸಿದ ಸಂಖ್ಯೆಯಿಂದ ಗುಣಿಸಿದರೆ ನಿಯತಾಂಕ ಬರುತ್ತದೆ. ಉತ್ತರವು 6.63ನ್ನು 10ರ ಮೈನಸ್ 34ನೇ ಘಾತದಿಂದ ಗುಣಿಸಿದ ಬೆಲೆಗೆ ಶೇಕಡಾ 15–20ರ ಒಳಗೆ ಬಂದರೆ ಪ್ರಯೋಗ ಚೆನ್ನಾಗಿ ಆಗಿದೆ ಎಂದೇ ತಿಳಿಯಿರಿ. ಹಸಿರು ಎಲ್‌ಇಡಿಯ ಬಿಂದು ರೇಖೆಯಿಂದ ದೂರ ಬಿದ್ದರೆ ಗಾಬರಿಯಾಗಬೇಡಿ. ಕೆಲವು ಹಸಿರು ಎಲ್‌ಇಡಿಗಳನ್ನು ಕೆಂಪಿನ ಬಗೆಯ ಹರಳಿನಿಂದಲೂ ಕೆಲವನ್ನು ನೀಲಿಯ ಬಗೆಯ ಹರಳಿನಿಂದಲೂ ಮಾಡುವುದರಿಂದ ಅದರ ಅಳತೆ ಒಂದೇ ರೀತಿ ಬರುವುದಿಲ್ಲ.